ವಿಷ ಇದ್ರೆ ವಾಪಸ್ ಕಳಿಸಿ, 180 ರೂಪಾಯಿ ಯಾಕೆ ಕಡಿತೀರಿ?

ಉದ್ದ ಆಗಿದೆ, ಪುರುಸೊತ್ತಿದ್ದಾಗ ಓದಿ. ಮೆಕ್ಕೆಜೋಳ ಇನ್ನೂ ಮನೇಲೇ ಇಟ್ಕೊಂಡು ಮುಂದಿನ ವಾರ ಲೋಡ್ ಮಾಡೋಣ ಅಂತಿರೋರು ಮಾತ್ರ ಇವತ್ತೇ ಓದಿಬಿಡಿ.

ಹೋದ ತಿಂಗಳು 54 ಕ್ವಿಂಟಲ್ ಜೋಳ ಟ್ರ್ಯಾಕ್ಟರಿಗೆ ಹಾಕ್ಕೊಂಡು ಕೋಳಿ ಆಹಾರಕ್ಕೆ ಖರೀದಿ ಮಾಡೋ ಒಂದು ಕಡೆ ಹೋಗಿದ್ದೆ. ಹೆಸರು ಬರೆಯಲ್ಲ, ಕೇಳಬೇಡಿ. ಮಾಯಿಶ್ಚರ್ ನೋಡಿದ್ರು, 13 ಚಿಲ್ಲರೆ ಬಂತು, ಅದಕ್ಕೆ ತಕರಾರಿಲ್ಲ. ಆಮೇಲೆ ಒಬ್ಬ ಹುಡುಗ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಟ್ರೈಲರ್ ಹಿಂದಿನ ಬಾಗಿಲ ಹತ್ರ ಇದ್ದ ಎರಡು ಚೀಲದಿಂದ ಒಂದೊಂದು ಹಿಡಿ ಕಾಳು ತಗೊಂಡು ಮಿಕ್ಸಿಗೆ ಹಾಕಿದ. ರವೆ ಆಯ್ತು, ಹಿಟ್ಟಾಗಲಿಲ್ಲ. ಅದರಲ್ಲೊಂದು ಚಮಚ ಬಾಟ್ಲಿಗೆ ಹಾಕಿ, ಯಾವುದೋ ದ್ರಾವಣ ಸುರಿದು ಅಲ್ಲಾಡಿಸಿದ. ಮೇಲಿನ ತಿಳಿಗೆ ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲದ ಒಂದು ಪಟ್ಟಿ ಅದ್ದಿದ. ಮೊಬೈಲ್ ನೋಡ್ತಾ ನಿಂತ. ಆಮೇಲೆ, "ಫೇಲ್ ಆಗೈತಿ ಯಜಮಾನ್ರೇ, ಅಫ್ಲಾ ಐತಿ" ಅಂದ.

"ಎಲ್ಲಿ ತಮ್ಮಾ, ಪಟ್ಟಿ ತೋರ್ಸು" ಅಂದೆ. ಡಬ್ಬಕ್ಕೆ ಎಸೆದಾಗಿತ್ತು.

ಒಳಗಿಂದ ಮ್ಯಾನೇಜರ್ ಬಂದ್ರು. ತುಂಬಾ ಮರ್ಯಾದೆಯಾಗಿ ಮಾತಾಡಿದ್ರು, ಅದನ್ನ ಹೇಳಲೇಬೇಕು. ಚಹಾನೂ ಕೊಡಿಸಿದ್ರು. "ವಾಪಸ್ ಒಯ್ಯೋದ್ಯಾಕೆ ಅಣ್ಣಾರೇ, ಡೀಸೆಲ್ ದಂಡ. ಕ್ವಿಂಟಲಿಗೆ 180 ಕಮ್ಮಿ ಮಾಡ್ಕೊಂಡು ಇಳಿಸ್ಕೊಂತೀವಿ" ಅಂದ್ರು.

ನನ್ನ ತಕರಾರು ಹುಟ್ಟಿದ್ದು ಇಲ್ಲೇ. ಅಫ್ಲಾಟಾಕ್ಸಿನ್ ಅನ್ನೋದು ತೇವಾಂಶ ಅಲ್ಲ. ತೇವ ಜಾಸ್ತಿ ಇದ್ರೆ ಅಷ್ಟು ನೀರಿನ ತೂಕಕ್ಕೆ ದುಡ್ಡು ಹಿಡಿಯೋದು ನ್ಯಾಯ, ಬಿಸಿಲಿಗೆ ಹಾಕಿದ್ರೆ ಆ ನೀರು ಹೋಗುತ್ತೆ. ಈ ವಿಷ ಒಣಗಿಸಿದ್ರೂ ಹೋಗಲ್ಲ, ಬೇಯಿಸಿದ್ರೂ ಪೂರ್ತಿ ಹೋಗಲ್ಲ. ನನ್ನ ಜೋಳದಲ್ಲಿ ನಿಜವಾಗಿ ಅದು ಮಿತಿಗಿಂತ ಜಾಸ್ತಿ ಇದ್ದಿದ್ರೆ, 180 ರೂಪಾಯಿ ಕಡಿದ ತಕ್ಷಣ ಅದು ಎಲ್ಲಿಗೆ ಹೋಯ್ತು? ಕೋಳಿ ಬಿಲ್ ನೋಡಿ ತಿನ್ನುತ್ತಾ? ನನ್ನ ಚೀಲಗಳು ಇಳಿದಿದ್ದು ಬೇರೆ ಗೋಡೌನಿಗೂ ಅಲ್ಲ, ಪಾಸಾದ ಜೋಳದ ರಾಶಿಗೇ. ನಾನೇ ನಿಂತು ನೋಡಿದ್ದೀನಿ. ಅಂದ್ಮೇಲೆ ಎರಡರಲ್ಲಿ ಒಂದು ನಿಜ: ಒಂದೋ ಅವರಿಗೇ ಆ ಪಟ್ಟಿ ಮೇಲೆ ನಂಬಿಕೆ ಇಲ್ಲ, ಇಲ್ಲಾ ನಂಬಿಕೆ ಇದ್ದೂ ವಿಷ ಬೆರೆಸ್ತಿದಾರೆ. ಮೂರನೇದು ಇದ್ರೆ ಗೊತ್ತಿರೋರು ಕೆಳಗೆ ಹೇಳಿ.

ನಾನು ಒಪ್ಪಿಕೊಂಡೆ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ಬರೆಯದಿದ್ರೆ ಉಳಿದದ್ದು ಬರೆಯೋ ಹಕ್ಕಿಲ್ಲ. ಟ್ರ್ಯಾಕ್ಟರ್ ಬಾಡಿಗೆದು, ಮಧ್ಯಾಹ್ನ ಮೋಡ ಕವಿದಿತ್ತು, ಟಾರ್ಪಾಲ್ ಒಂದೇ ಇತ್ತು. 54 ಇಂಟು 180, ಅಂದ್ರೆ 9,720 ರೂಪಾಯಿ ಬಿಟ್ಟು ಬಂದೆ. ಎರಡು ಕೆಲಸ ಮಾತ್ರ ಮಾಡಿದೆ. ಆ ಕಿಟ್‌ನ ಡಬ್ಬದ್ದು ಫೋಟೋ ತಗೊಂಡೆ. ಹಮಾಲರು ಇಳಿಸುವಾಗ ಪ್ರತಿ ಮೂರನೇ ಚೀಲದಿಂದ ಒಂದೊಂದು ಹಿಡಿ ತಗೊಂಡು ಖಾಲಿ ಚೀಲಕ್ಕೆ ಹಾಕ್ತಾ ಹೋದೆ. ಐದು ಕೆಜಿ ಹತ್ರ ಆಯ್ತು. ಹಮಾಲರು ನಕ್ಕರು.

ಮನೆಗೆ ಬಂದು ಫೋಟೋ ಮಗಳಿಗೆ ತೋರಿಸಿದೆ, ಬಿಎಸ್ಸಿ ಓದ್ತಿದಾಳೆ. "ಅಪ್ಪಾ, ಇದರ ಮೇಲೆ ಫಾರ್ ರಿಸರ್ಚ್ ಯೂಸ್ ಓನ್ಲಿ ಅಂತ ಇದೆ" ಅಂದ್ಲು. ಸಂಶೋಧನೆ ಬಳಕೆಗೆ ಮಾತ್ರ ಅಂತ. ಬಾಟ್ಲಿಗಳ ಮೇಲೆ 2ರಿಂದ 8 ಡಿಗ್ರಿಯಲ್ಲಿ ಇಡಿ ಅಂತ ಬೇರೆ ಇತ್ತು, ಅಂದ್ರೆ ಫ್ರಿಜ್ಜಲ್ಲಿ. ಅದು ಇದ್ದಿದ್ದು ವೇಬ್ರಿಡ್ಜ್ ಪಕ್ಕದ ತಗಡಿನ ಶೆಡ್ಡಲ್ಲಿ, ಟೇಬಲ್ ಮೇಲೆ.

ಆ ಒಂದು ಸಾಲಿನ ಅರ್ಥ ತಿಳ್ಕೊಳ್ಳಿ. ರಿಸರ್ಚ್‌ಗೆ ಅಂದ ಮಾತ್ರಕ್ಕೆ ಕಿಟ್ ಕಳಪೆ ಅಂತಲ್ಲ. ಕಾಲೇಜಿನ ಲ್ಯಾಬಲ್ಲಿ, ತಿಳಿದೋರ ಕೈಯಲ್ಲಿ ಅದು ಚೆನ್ನಾಗೇ ಕೆಲಸ ಮಾಡಬಹುದು. ಆದ್ರೆ ಮಾಡಿದ ಕಂಪನಿಯವರೇ ಡಬ್ಬದ ಮೇಲೆ ಬರೆದು ಕೈ ತೊಳ್ಕೊಂಡಿದಾರೆ: ಇದರ ಫಲಿತಾಂಶ ಇಟ್ಕೊಂಡು ರೋಗ ಇದೆ ಇಲ್ಲ, ಮಾಲು ಪಾಸು ಫೇಲು ಅಂತ ತೀರ್ಮಾನ ಮಾಡಿದ್ರೆ ಅದಕ್ಕೆ ನಾವು ಜವಾಬ್ದಾರರಲ್ಲ ಅಂತ. ಕಾಳು ಖರೀದಿಗೆ ಅಂತಲೇ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ಕಿಟ್‌ಗಳು ಬೇರೆ ಇವೆ. ಅಮೆರಿಕದಲ್ಲಿ ಅವರ ಕೃಷಿ ಇಲಾಖೆಯೇ ಕಾಳಿನ ಕಿಟ್‌ಗಳನ್ನ ಪರೀಕ್ಷಿಸಿ ಪಟ್ಟಿ ಮಾಡುತ್ತೆ. ನಮ್ಮಲ್ಲೂ ಎಫ್‌ಎಸ್‌ಎಸ್‌ಎಐನವರು ಆಹಾರ ಪರೀಕ್ಷೆಯ ತ್ವರಿತ ಕಿಟ್‌ಗಳಿಗೆ ಒಪ್ಪಿಗೆ ಕೊಡೋ ವ್ಯವಸ್ಥೆ ಇಟ್ಟಿದಾರೆ. ತಯಾರಕನೇ ನಂಬಬೇಡಿ ಅಂದ ಡಬ್ಬ ನಂಬಿ ನಾನು 9,720 ರೂಪಾಯಿ ಯಾಕೆ ಬಿಡಬೇಕು?

ಈಗ ಆ ಪಟ್ಟಿ ಹೇಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ. ಇದು ಗೊತ್ತಿಲ್ಲದೆ ಜಗಳಕ್ಕೆ ಹೋದ್ರೆ ಸೋಲ್ತೀರಿ.

ಕೊರೊನಾ ಟೈಮಲ್ಲಿ ಎಲ್ಲರೂ ನೋಡಿದ್ದೀವಿ, ಎರಡು ಗೆರೆ ಬಂದ್ರೆ ರೋಗ ಇದೆ, ಒಂದೇ ಬಂದ್ರೆ ಇಲ್ಲ. ಅಫ್ಲಾಟಾಕ್ಸಿನ್ ಪಟ್ಟಿ ಇದಕ್ಕೆ ಉಲ್ಟಾ. ಎರಡು ಗೆರೆ ಬಂದ್ರೆ ಮಾಲು ಪಾಸು. ಒಂದೇ ಗೆರೆ ಬಂದ್ರೆ ವಿಷ ಇದೆ. ಯಾಕೆ ಅಂದ್ರೆ, ಪಟ್ಟಿಯಲ್ಲಿ ಬಣ್ಣ ಹಚ್ಚಿದ ಪ್ರತಿಕಾಯ ಇರುತ್ತೆ, ಅದಕ್ಕೆ ಅಫ್ಲಾಟಾಕ್ಸಿನ್ ಸಿಕ್ಕಿದ್ರೆ ಹಿಡ್ಕೊಳ್ಳೋ ಗುಣ. ಪರೀಕ್ಷೆ ಗೆರೆ ಇರೋ ಜಾಗದಲ್ಲಿ ಮೊದಲೇ ಅಫ್ಲಾಟಾಕ್ಸಿನ್ ಅಂಟಿಸಿರ್ತಾರೆ. ಜೋಳದ ತಿಳಿಯಲ್ಲಿ ವಿಷ ಇಲ್ಲದಿದ್ರೆ ಪ್ರತಿಕಾಯ ಖಾಲಿ ಕೈಯಲ್ಲಿ ಬಂದು ಆ ಗೆರೆಯನ್ನ ಹಿಡ್ಕೊಳ್ಳುತ್ತೆ, ಬಣ್ಣ ಕಾಣುತ್ತೆ. ತಿಳಿಯಲ್ಲೇ ವಿಷ ಇದ್ರೆ ಅದರ ಕೈ ಮೊದಲೇ ತುಂಬಿರುತ್ತೆ. ಟವೆಲ್ ಹಾಕಿದ ಸೀಟಲ್ಲಿ ಇನ್ನೊಬ್ರು ಕೂರೋಕಾಗಲ್ವಲ್ಲ, ಹಂಗೆ. ಗೆರೆ ಹಿಡಿಯೋಕೆ ಜಾಗ ಇಲ್ಲದೆ ಮುಂದೆ ಹರಿದುಹೋಗುತ್ತೆ, ಗೆರೆ ಮೂಡಲ್ಲ. ಮೇಲಿನ ಕಂಟ್ರೋಲ್ ಗೆರೆ ಮಾತ್ರ ಯಾವಾಗಲೂ ಬರಲೇಬೇಕು. ಅದೇ ಬರದಿದ್ರೆ ಪಟ್ಟಿ ಕೆಟ್ಟಿದೆ ಅಂತ. ಆಗ ಪಾಸೂ ಅಲ್ಲ ಫೇಲೂ ಅಲ್ಲ, ಇನ್ನೊಂದು ಪಟ್ಟಿ ಹಾಕಬೇಕು.

ಈಗ ಯೋಚಿಸಿ. ಬಿಸಿಲಲ್ಲಿ ಕೂತು ಸತ್ತ ಕಿಟ್‌ನಲ್ಲಿ ಪರೀಕ್ಷೆ ಗೆರೆ ಮಸುಕಾಗಿ ಬಂದ್ರೆ ಅದನ್ನ ಏನಂತ ಓದ್ತಾರೆ? ವಿಷ ಇದೆ ಅಂತ. ಅಂದ್ರೆ ಈ ಥರದ ಪಟ್ಟಿ ಕೆಟ್ಟರೆ ನಷ್ಟ ನಮ್ಮ ಕಡೆಗೇ ವಾಲುತ್ತೆ. ಅದಕ್ಕೇ ಪಟ್ಟಿ ನಮ್ಮ ಕಣ್ಣೆದುರಿಗೆ ಓದಬೇಕು, ಡಬ್ಬದ ತಾರೀಖು ನಾವು ನೋಡಬೇಕು, ಕಂಟ್ರೋಲ್ ಗೆರೆ ಇದೆಯಾ ಅಂತ ನಾವು ಕೇಳಬೇಕು. ಟೈಮೂ ಮುಖ್ಯ, ಅವರು ಹೇಳಿದ ನಿಮಿಷಕ್ಕೇ ಓದಬೇಕು, ಫೋನ್ ಮುಗಿಸಿ ಬಂದು ಓದೋದಲ್ಲ.

ಇಷ್ಟೆಲ್ಲಾ ಸರಿ ಇದ್ರೂ ದೊಡ್ಡ ಮೋಸ ಪಟ್ಟಿಯಲ್ಲಿಲ್ಲ, ಹುಡುಗನ ಎರಡು ಹಿಡಿಯಲ್ಲಿದೆ. ಮೋಸ ಅಂದೆ, ಬೇಕಂತ ಮಾಡಿದ್ದು ಅಂತಲ್ಲ. ಲೆಕ್ಕ ನೋಡಿ.

ಮಿತಿ 20 ಪಿಪಿಬಿ ಅಂತಾರೆ. ಅಂದ್ರೆ ಒಂದು ಕೆಜಿ ಜೋಳದಲ್ಲಿ 20 ಮೈಕ್ರೋಗ್ರಾಂ. ನನ್ನ 54 ಕ್ವಿಂಟಲಿಗೆ ಒಟ್ಟು 108 ಮಿಲಿಗ್ರಾಂ ವಿಷ ಆಯ್ತು. ಜ್ವರಕ್ಕೆ ನುಂಗೋ 500 ಎಂಜಿ ಪ್ಯಾರಾಸಿಟಮಾಲ್ ಇದೆಯಲ್ಲ, ಅದರ ಐದನೇ ಒಂದು ಪಾಲು, ಇಡೀ ಟ್ರೈಲರಿಗೆ. ಇದು ಹಿಟ್ಟಿಗೆ ಉಪ್ಪು ಕಲಸಿದ ಹಾಗೆ ಎಲ್ಲಾ ಕಡೆ ಒಂದೇ ಸಮ ಇದ್ದಿದ್ರೆ ಯಾವ ಹಿಡಿ ತೆಗೆದ್ರೂ ಒಂದೇ ಉತ್ತರ ಬರ್ತಿತ್ತು. ಹಾಗಿರಲ್ಲ. ಬೂಷ್ಟು ಹಿಡಿಯೋದು ಯಾವುದೋ ಹುಳ ಕೊರೆದ ತೆನೆಗೆ, ಯಾವುದೋ ಮೂಲೆಯ ನೆಂದ ಕಾಳಿಗೆ. ಸಾವಿರ ಕಾಳಲ್ಲಿ ಏನೂ ಇರಲ್ಲ, ಒಂದರಲ್ಲಿ ತುಂಬಿರುತ್ತೆ. ಒಂದೇ ಮೆಕ್ಕೆಜೋಳದ ಕಾಳಲ್ಲಿ 4 ಲಕ್ಷ ಪಿಪಿಬಿವರೆಗೂ ಸಿಕ್ಕಿದ ದಾಖಲೆ ಇದೆ. ಕಾಳು 0.3 ಗ್ರಾಂ ಅಂತ ಹಿಡಿದ್ರೆ ಆ ಒಂದು ಕಾಳಲ್ಲೇ 120 ಮೈಕ್ರೋಗ್ರಾಂ ವಿಷ. ಅದನ್ನ ಐದು ಕೆಜಿ ಒಳ್ಳೇ ಜೋಳಕ್ಕೆ ಸೇರಿಸಿ ಬೀಸಿದ್ರೆ 24 ಪಿಪಿಬಿ, ಇಡೀ ಐದು ಕೆಜಿ ಫೇಲ್. 16 ಸಾವಿರಕ್ಕೂ ಮೇಲ್ಪಟ್ಟ ಕಾಳಲ್ಲಿ ಒಂದೇ ಒಂದು ಕಾಳು!

ನನ್ನ ಟ್ರೈಲರಲ್ಲಿ ಇದ್ದಿದ್ದು ಸುಮಾರು 1 ಕೋಟಿ 80 ಲಕ್ಷ ಕಾಳು. ಹುಡುಗ ತೆಗೆದ ಎರಡು ಹಿಡಿ 200 ಗ್ರಾಂ ಅಂದ್ಕೊಳ್ಳಿ, ಆರೇಳು ನೂರು ಕಾಳು. ಅದೂ ಒಂದೇ ಮೂಲೆಯದು. ಅದನ್ನೂ ಸರಿಯಾಗಿ ಬೀಸದೆ ಅದರಲ್ಲೊಂದು ಚಮಚ. ಆ ಹಿಡಿಯಲ್ಲಿ ಒಂದು ಕೆಟ್ಟ ಕಾಳು ಬಂದ್ರೆ ನನ್ನ ಒಳ್ಳೇ ಲೋಡ್ ಫೇಲ್. ಬರದಿದ್ರೆ ನನ್ನ ಹಿಂದಿನವನ ಬೂಷ್ಟು ಹಿಡಿದ ಲೋಡ್ ಪಾಸ್. ಅಂದ್ರೆ ಖರೀದಿದಾರನಿಗೂ ಇದರಿಂದ ರಕ್ಷಣೆ ಇಲ್ಲ. ಈ ವಿಷದ ಪರೀಕ್ಷೆಯಲ್ಲಿ ಆಗೋ ತಪ್ಪಿನ ಬಹುಪಾಲು ಮಾದರಿ ತೆಗೆಯೋದ್ರಲ್ಲೇ ಆಗೋದು, ಯಂತ್ರದಲ್ಲಲ್ಲ. ಯುರೋಪಿಗೆ ಹೋಗೋ ಶೇಂಗಾ ದೊಡ್ಡ ಲಾಟ್ ಇದ್ರೆ 100 ಕಡೆಯಿಂದ ತೆಗೆದು 20 ಕೆಜಿ ಮಾದರಿ ಮಾಡ್ತಾರೆ. ಅವರಿಗೆ ಬೇರೆ ಕೆಲಸ ಇಲ್ಲ ಅಂತಲ್ಲ.

"ದಿನಕ್ಕೆ ಅರವತ್ತು ಗಾಡಿ ಬರ್ತವೆ, ಪ್ರತಿಯೊಂದಕ್ಕೂ ಐದು ಕೆಜಿ ತೆಗೀತಾ ಕೂರೋಕಾಗುತ್ತಾ" ಅಂತ ಆ ಮ್ಯಾನೇಜರ್ ಅಂದ್ರು. ತೂಕಕ್ಕೆ ಗಾಡಿ ಎರಡು ಸಲ ಹತ್ತಿಸ್ತೀರಲ್ಲ, ತುಂಬಿದ್ದು ಒಂದು ಸಲ, ಖಾಲಿ ಒಂದು ಸಲ? ಅದಕ್ಕೆ ಟೈಮಿದೆ. ಯಾಕಂದ್ರೆ ಅಲ್ಲಿ ತಪ್ಪಾದ್ರೆ ನಿಮ್ಮ ದುಡ್ಡು ಹೋಗುತ್ತೆ. ಇಲ್ಲಿ ತಪ್ಪಾದ್ರೆ ನಮ್ಮದು.

ಇನ್ನೊಂದು ವಿಷಯ, ಆ ಹುಡುಗನ್ನ ಬೈಬೇಡಿ. ದ್ರಾವಣದ ಬಾಟ್ಲಿ ಮೇಲೆ ಮೆಥನಾಲ್ ಅಂತ ಇತ್ತು. ಕಳ್ಳಭಟ್ಟಿ ಕುಡಿದು ಕಣ್ಣು ಹೋಯ್ತು, ಜೀವ ಹೋಯ್ತು ಅಂತ ಓದ್ತೀವಲ್ಲ, ಅಲ್ಲಿ ಇರೋದು ಇದೇ ಮೆಥನಾಲ್. ಆ ಹುಡುಗನಿಗೆ ಕೈಗವಸಿಲ್ಲ, ಶೆಡ್ಡಿಗೆ ಗಾಳಿ ಇಲ್ಲ, ಮಿಕ್ಕಿದ್ದನ್ನ ಬೇವಿನ ಮರದ ಬುಡಕ್ಕೆ ಚೆಲ್ಲಿ ಅದೇ ಕೈಯಲ್ಲಿ ಮಂಡಕ್ಕಿ ತಿಂತಿದ್ದ. ತರಬೇತಿ ಎಷ್ಟು ದಿನದ್ದು ತಮ್ಮಾ ಅಂದ್ರೆ, "ವಿಡಿಯೋ ಕಳಿಸಿದ್ರು" ಅಂದ.

ಈಗ ನಮ್ಮ ಕಡೆಯವರಿಗೆ. ಈ ಪೋಸ್ಟ್ ಓದಿ "ನೋಡಿ, ಕಿಟ್ ಎಲ್ಲಾ ಬೋಗಸ್, ಅಫ್ಲಾ ಅನ್ನೋದೇ ರೇಟ್ ಇಳಿಸೋ ನಾಟಕ" ಅಂತ ಶೇರ್ ಮಾಡೋರು ದಯವಿಟ್ಟು ಮಾಡಬೇಡಿ. 1974ರಲ್ಲಿ ರಾಜಸ್ಥಾನ–ಗುಜರಾತಿನ ಗಡಿ ಕಡೆ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಸುಮಾರು 400 ಜನಕ್ಕೆ ಲಿವರ್ ಕೆಟ್ಟು 106 ಜನ ಸತ್ತರು. ನಮ್ಮಂಥೋರೇ, ಬೇರೆ ತಿನ್ನೋಕೆ ಇಲ್ಲದೋರು. 2004ರಲ್ಲಿ ಕೀನ್ಯಾದಲ್ಲಿ ಅದೇ ಮೆಕ್ಕೆಜೋಳ, ಅದೇ ವಿಷ, 125 ಜನ. ಅದಕ್ಕೂ ಮುಂಚೆ 1960ರಲ್ಲಿ ಇಂಗ್ಲೆಂಡಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗಲೇ ಈ ವಿಷ ಪತ್ತೆ ಆಗಿದ್ದು. ಲಿವರ್ ಕ್ಯಾನ್ಸರ್ ತರುತ್ತೆ ಅನ್ನೋದು ಸಾಬೀತಾಗಿರೋ ವಿಷಯ, ವಾಟ್ಸಾಪ್ ಸುದ್ದಿ ಅಲ್ಲ.

ಮತ್ತೆ ನಮ್ಮ ಹೊಲದಲ್ಲಿ ಅದು ಬರೋಕೆ ಬೇಕಾದ್ದೆಲ್ಲಾ ಇದೆ. ಕಾಳು ಕಟ್ಟೋ ಹೊತ್ತಿಗೆ ಮಳೆ ಕೈಕೊಡುತ್ತೆ, ಕೊಯ್ಲಿಗೆ ಸರಿಯಾಗಿ ಸುರಿಯುತ್ತೆ. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲೇ ದೇಶಕ್ಕೆ ಮೊದಲು ಕಾಣಿಸಿದ ಸೈನಿಕ ಹುಳ ಸುಳಿ ಅಷ್ಟೇ ಅಲ್ಲ, ತೆನೇನೂ ಕೊರೀತಾ ಇದೆ. ಕೊರೆದ ಜಾಗವೇ ಬೂಷ್ಟಿಗೆ ಬಾಗಿಲು. ಒಕ್ಕಣೆ ಮಾಡಿ ಕಣದಲ್ಲೋ ರಸ್ತೆ ಮೇಲೋ ಹರಡಿ, ರಾತ್ರಿ ಟಾರ್ಪಾಲ್ ಮುಚ್ಚಿ, ಬೆವರಿದ ಕಾಳನ್ನ ಹಾಗೇ ಚೀಲಕ್ಕೆ ತುಂಬೋರು ನಾವೇ.

ನನ್ನ ಐದು ಕೆಜಿ ಕಥೆ ಹೇಳ್ತೀನಿ. ಮಾನ್ಯತೆ ಇರೋ ಒಂದು ಲ್ಯಾಬಿಗೆ ಕಳಿಸಿದೆ. ಜೊತೆಗೆ ಇನ್ನೊಂದು ಚೀಲದ್ದೂ ಕಳಿಸಿದೆ. ಅದು ಕಣದ ಮೂಲೆಯಲ್ಲಿ ನೆಂದಿದ್ದ ಜೋಳ, ಬಣ್ಣ ಸ್ವಲ್ಪ ಮಂಕಾಗಿತ್ತು, ಮಾರೋಕೆ ಬೇಡ ದನಕ್ಕಾಗುತ್ತೆ ಅಂತ ನಾನೇ ತೆಗೆದಿಟ್ಟಿದ್ದು. ಎರಡಕ್ಕೂ ಸೇರಿ ಆರು ಸಾವಿರದ ಹತ್ರ ಆಯ್ತು. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಮಾರಿದ ಲೋಡಿನದು 9 ಪಿಪಿಬಿ, ಮಿತಿಯೊಳಗೆ.

ದನಕ್ಕಿಟ್ಟಿದ್ದು 46.

ಆ ರಿಪೋರ್ಟ್ ಹಿಡ್ಕೊಂಡು ಎಷ್ಟೊತ್ತು ಕೂತಿದ್ದೆ ಗೊತ್ತಿಲ್ಲ. ಅಷ್ಟರಲ್ಲಿ ಮೂರು ವಾರದಿಂದ ಎರಡು ಹಸುಗೆ ಅದನ್ನೇ ನುಚ್ಚು ಮಾಡಿ ಹಾಕಿದ್ವಿ. ಹಸು ತಿಂದ ಈ ವಿಷದಲ್ಲಿ ಒಂದು ಪಾಲು ರೂಪ ಬದಲಾಯಿಸ್ಕೊಂಡು ಹಾಲಿಗೆ ಬರುತ್ತೆ, ಕಾಯಿಸಿದ್ರೂ ಹೋಗಲ್ಲ. ಹಾಲಿಗೆ ನಮ್ಮ ದೇಶದ ಮಿತಿ ಕೆಜಿಗೆ ಅರ್ಧ ಮೈಕ್ರೋಗ್ರಾಂ, ಅಷ್ಟು ಬಿಗಿ ಇಟ್ಟಿರೋದು ಮಕ್ಕಳು ಕುಡೀತಾರೆ ಅಂತಲೇ. ನಮ್ಮ ತಮ್ಮನ ಮಗು ಒಂದೂವರೆ ವರ್ಷದ್ದು, ಅದೇ ಹಾಲು. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಉಳಿದ ಚೀಲ ತಾವೇ ಎಳ್ಕೊಂಡು ಹೋಗಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ರು. ಡೈರಿಗೂ ಅದೇ ಹಾಲು ಹಾಕಿದ್ದೆ. ಇದನ್ನೂ ಬರೆದಿದ್ದೀನಿ, ಬೈಯೋರು ಬೈಯಿರಿ.

ಅದಕ್ಕೇ ಹೇಳೋದು, ಕಿಟ್ ಬೇಡ ಅನ್ನೋದು ನನ್ನ ವಾದ ಅಲ್ಲ. ಸರಿಯಾದ ಕಿಟ್ ಊರಿಗೊಂದು ಬೇಕು, ಆ ಮೂರು ವಾರದ ಮುಂಚೆ ನನಗೇ ಬೇಕಿತ್ತು. ಹಾಗೇ ಲ್ಯಾಬಿನ 9 ತೋರಿಸಿ ಆ ಹುಡುಗ ಸುಳ್ಳು ಹೇಳಿದ ಅಂತಲೂ ನಾನು ಹೇಳಲ್ಲ, ಅವನ ಹಿಡಿಯಲ್ಲಿ ನಿಜವಾಗಿ ಒಂದು ಕೆಟ್ಟ ಕಾಳು ಇದ್ದಿರಬಹುದು. ಆ ಹಿಡಿಗೆ ಅವನ ಪಟ್ಟಿ ಸರಿ. 54 ಕ್ವಿಂಟಲಿಗೆ ತಪ್ಪು.

ಒಂದು ಹೋಲಿಕೆ ನೋಡಿ. ಅಂಗಡಿಗೆ ಫುಡ್ ಇನ್‌ಸ್ಪೆಕ್ಟರ್ ಬಂದು ಮಾದರಿ ತಗೊಂಡ್ರೆ, 2006ರ ಆಹಾರ ಸುರಕ್ಷತಾ ಕಾಯ್ದೆ ಪ್ರಕಾರ ಅದನ್ನ ನಾಲ್ಕು ಪಾಲು ಮಾಡಿ ಸೀಲ್ ಹಾಕ್ತಾರೆ. ಒಂದು ಪಾಲು ಪರೀಕ್ಷೆಗೆ, ಎರಡು ಮೇಲಧಿಕಾರಿ ಹತ್ರ ಜೋಪಾನ. ನಾಲ್ಕನೇದನ್ನ, ಅಂಗಡಿಯವನು ಕೇಳಿದ್ರೆ, ಮಾನ್ಯತೆ ಇರೋ ಬೇರೆ ಲ್ಯಾಬಿಗೆ ಕಳಿಸಬೇಕು. ಒಂದು ಪ್ಯಾಕೆಟ್ ಬೇಳೆ ಮಾರೋನಿಗೆ ಇಷ್ಟು ಹಕ್ಕು. ರೈತನ ಮೇಲೆ ಆ ಕಾಯ್ದೆ ಬರಲ್ಲ ಅಂತ ಅದರಲ್ಲೇ ಬರೆದಿದೆ. ನಮ್ಮನ್ನ ಕಾಪಾಡೋಕೆ ಬರೆದಿದ್ದು, ಒಪ್ತೀನಿ. ಆದ್ರೆ ಗೇಟಲ್ಲಿ ನಿಂತಾಗ ನಮಗೆ ದಂಡ ಉಂಟು, ಎರಡನೇ ಮಾದರಿ ಇಲ್ಲ.

ಆದ್ರಿಂದ ನಾವೇ ತಗೊಂಡು ಹೋಗೋಣ ಅಂತ. ಲೋಡ್ ತುಂಬುವಾಗಲೇ ಪ್ರತಿ ಮೂರನೇ ಚೀಲದಿಂದ, ಬಾಯಿಂದ ಅಷ್ಟೇ ಅಲ್ಲ ಒಳಗಿಂದಲೂ, ಹಿಡಿ ತೆಗೆದು ಐದು ಕೆಜಿ ಮಾಡಿ. ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ, ಬಟ್ಟೆ ಅಥವಾ ಕಾಗದದ ಚೀಲಕ್ಕೆ ಹಾಕಿ ಹೊಲಿದು, ಮೇಲೆ ತಾರೀಖು, ಗಾಡಿ ನಂಬರ್, ಇಬ್ಬರ ಸಹಿ. ಪ್ಲಾಸ್ಟಿಕ್ ಬೇಡ, ಬೆವರುತ್ತೆ. ಗೇಟಲ್ಲಿ ಹುಡುಗ ಹಿಂದಿನ ಬಾಗಿಲಿಗೆ ಕೈ ಹಾಕಿದ್ರೆ, "ತಮ್ಮಾ, ಮುಂದೆ ಹಿಂದೆ ನಡುವೆ ಎಲ್ಲಾ ಕಡೆ ತಗೋ, ಇಲ್ಲಾ ಇದನ್ನ ಪೂರ್ತಿ ಬೀಸು" ಅಂತ ಒಂದು ಪಾಲು ಕೊಡಿ. ನುಣ್ಣಗೆ ಬೀಸಬೇಕು, ಕಾಫಿಪುಡಿ ಥರ. ಡಬ್ಬ ನೋಡಿ. ಪಟ್ಟಿ ಅದ್ದಿದಾಗ ಅಲ್ಲೇ ನಿಂತು ಎರಡೂ ಗೆರೆಯ ಫೋಟೋ ತಗೊಳ್ಳಿ. ಫೇಲ್ ಬಂದ್ರೆ ಎರಡನೇ ಪಟ್ಟಿ ಕೇಳಿ, ಪಟ್ಟಿಯ ದುಡ್ಡು ನೀವೇ ಕೊಡ್ತೀನಿ ಅನ್ನಿ. ಆಗಲೂ ಫೇಲ್ ಅಂದ್ರೆ ಮಾಲು ವಾಪಸ್ ತನ್ನಿ, ರೇಟ್ ಕಡಿಸ್ಕೊಂಡು ಇಳಿಸಬೇಡಿ. ಕಡಿತಕ್ಕೆ ಒಪ್ಪಿದ ದಿನ ನಾವೂ ಆ ವ್ಯಾಪಾರದಲ್ಲಿ ಪಾಲುದಾರರು. ಇದನ್ನ ನನಗೇ ಹೇಳ್ಕೊತಿದೀನಿ.

ಒಬ್ಬರೇ ಹೋಗಿ ಕೇಳಿದ್ರೆ ನಡೆಯಲ್ಲ, ಗೊತ್ತು. ಸಂಜೆವರೆಗೆ ಗಾಡಿ ನಿಲ್ಲಿಸಿ ಸಾಯಿಸ್ತಾರೆ. ನಮ್ಮ ರೈತ ಉತ್ಪಾದಕ ಕಂಪನಿಯ ಮೀಟಿಂಗಲ್ಲಿ ಮೊನ್ನೆ ಇದನ್ನ ಎತ್ತಿದೆ. ಅದೇ ಮೀಟಿಂಗಿಗೆ ಒಬ್ಬ ಏಜೆಂಟ್ ಬಂದು ಕಮ್ಮಿ ರೇಟಿನ ಕಿಟ್ ಮಾರೋಕೆ ನೋಡಿದ. ಡಬ್ಬ ತಿರುಗಿಸಿ ನೋಡಿದೆ, ಅದೇ ಸಾಲು. ವಾಪಸ್ ಕಳಿಸಿದ್ವಿ. ಒಪ್ಪಿಗೆ ಇರೋ ಕಿಟ್, ಒಂದು ಒಳ್ಳೇ ಬೀಸೋ ಯಂತ್ರ, ಒಂದು ಸಣ್ಣ ಫ್ರಿಜ್ ಇಷ್ಟಕ್ಕೆ ಎಷ್ಟಾಗುತ್ತೆ ಅಂತ ಮಗಳು ಪಟ್ಟಿ ಮಾಡ್ತಿದಾಳೆ. ಅಲ್ಲಿಯವರೆಗೆ ಹೊಲಿದ ಚೀಲವೇ ಗತಿ.

ನನ್ನ ಹತ್ರ ಇನ್ನೂ 40 ಕ್ವಿಂಟಲ್ ಚಿಲ್ಲರೆ ಇದೆ. ಬರೋ ಬುಧವಾರ ಬೆಳಿಗ್ಗೆ ಅದೇ ಗೇಟಿಗೆ ಹೊರಡ್ತೀನಿ. ನಮ್ಮೂರಿಂದ ಇಬ್ಬರು ಜೊತೆಗೆ ಲೋಡ್ ತರ್ತಿದಾರೆ, ಕೆರೆ ಆಚೆ ಊರಿಂದ ಇನ್ನೊಬ್ಬರು ಬರ್ತೀನಿ ಅಂದಿದಾರೆ. ಐದು ಗಾಡಿ ಆದ್ರೆ ಮಾತಿಗೆ ತೂಕ ಬರುತ್ತೆ. ಬರೋರು ಮಂಗಳವಾರ ಸಂಜೆಯೊಳಗೆ ಫೋನ್ ಮಾಡಿ, ಮಾದರಿ ತೆಗೆಯೋಕೆ ನಾನೇ ನಿಮ್ಮ ಕಣಕ್ಕೆ ಬರ್ತೀನಿ. ದಬ್ಬಣ, ಹುರಿ ನನ್ನ ಹತ್ರ ಇದೆ. ಖಾಲಿ ಬಟ್ಟೆ ಚೀಲ ನೀವೇ ತನ್ನಿ.